ಉಸ್ಮಾನಸಾಬರ ಮೊದಲ ಟೇಕ್

೯ ಫೆಬ್ರವರಿ ೨೦೨೫, ರವಿವಾರ

ಲಕಮನಹಳ್ಳಿ ಶೆಡ್. ಮತ್ತೆ ಕರೆಂಟ್ ಹೋಯಿತು. ಇದ್ದಷ್ಟು ಹೊತ್ತು ಪ್ರಾಕ್ಟೀಸ್. ನಾನು ಬೇಸ್ ಗಿಟಾರ್, ತನ್ವೀರ ಡ್ರಮ್ಸ್, ಸುರಭಿ ಹಾಡು. ಐವತ್ತು ವರ್ಷದ ಹಿಂದಿನ ಅಮೆರಿಕದ ಸೋಲ್, ಫಂಕ್ ಸಂಗೀತದ ಧಾಟಿಯಲ್ಲಿ ನಮ್ಮದೇ ಹಾಡುಗಳು. ಧಾರವಾಡದಲ್ಲಿ ಇದನ್ನು ಕೇಳುವವರು ಹನ್ನೊಂದು ಜನ, ಅದರಲ್ಲಿ ನಾಲ್ವರು ನಾವೇ. ನಾಲ್ಕನೆಯವರು ಉಸ್ಮಾನಸಾಬ್ ಚಾಚಾ. ಮೂವತ್ತೆಂಟು ವರ್ಷ ಹುಬ್ಬಳ್ಳಿಯ ಮದುವೆ ಮೆರವಣಿಗೆಗಳಲ್ಲಿ ಟ್ರಂಪೆಟ್ ಊದಿದವರು. ಫಂಕ್ ಅಂದರೇನು ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿಸಿಕೊಂಡರು, ಊದಿದರು.

ಮುಂದಿನ ವಾರ ರೆಕಾರ್ಡಿಂಗ್. ಹಳೇ ಸ್ಪೂಲ್ ಟೇಪ್ ಮಶೀನ್, ಎಲ್ಲರೂ ಒಟ್ಟಿಗೆ, ಒಂದೇ ಮೈಕ್. ಟೇಪೂ ಒಂದೇ, ಒಂದು ಹಾಡಿಗೆ ಸಾಲುವಷ್ಟು. ಸರಿ ಬರದಿದ್ದರೆ ಹಿಂದೆ ಸುತ್ತಿ, ಅದರ ಮೇಲೆಯೇ ಮತ್ತೆ.

ತನ್ವೀರ ಅಂದ, "ಮೊಬೈಲಿನ್ಯಾಗನೂ ರೆಕಾರ್ಡ್ ಮಾಡೂಣ ಬಿಡಲೇ."

ಬೈದೆ. ಹಳೇದಂದರೆ ಹಳೇದು.

೧೬ ಫೆಬ್ರವರಿ, ಸಂಜೆ

ಮೊದಲ ಟೇಕ್. ಚಾಚಾ ಒಬ್ಬರೇ ಊದುವ ಸೋಲೋದಲ್ಲಿ ಒಂದು ಸ್ವರ ಒಡೆಯಿತು. ಉಳಿದದ್ದು... ಸುಳ್ಳೇಕೆ, ಮೈ ಝುಮ್ಮೆಂದಿತು. ಸುರಭಿ ಕಣ್ಣೊರೆಸಿಕೊಂಡಳು.

"ಇದ ಇರ್ಲಿ ಬಿಡು ತಮ್ಮಾ," ಅಂದರು ಚಾಚಾ.

"ಒಂದ್ ಸ್ವರ ಒಡದೈತ್ರಿ ಚಾಚಾ. ಇನ್ನೊಂದ್ ತಗೊಳ್ಳೂಣ್ರಿ."

ದೊಡ್ಡ ಪಂಡಿತ ನಾನು! ಟೇಪ್ ಹಿಂದೆ ಸುತ್ತಿದೆ.

ಎರಡನೆಯದು ಮುಗಿಯುವ ಮೊದಲೇ ಅವರು ನಿಲ್ಲಿಸಿದರು. ಮಶೀನ್ ಬಂದ್ ಮಾಡಿದೆ. ಅವರ ತುಟಿಯ ಮೇಲೆ ರಕ್ತ. ಕರ್ಚೀಫಿನಿಂದ ಒರೆಸಿಕೊಂಡು, "ಇವತ್ತಿಗೆ ಸಾಕ್ರಿ," ಅಂದರು. ದಿನಾ ತಮ್ಮಾ ಅನ್ನುವವರು, ಇವತ್ತು ನನಗೆ ‘ರೀ’.

೧೯ ಫೆಬ್ರವರಿ

ತನ್ವೀರನ ಫೋನ್. ಸೋಮವಾರ ಚಾಚಾನ ಮುಂದಿನ ನಾಲ್ಕು ಹಲ್ಲು ಕಿತ್ತರಂತೆ. ತಿಂಗಳ ಮೊದಲೇ ತಾರೀಖು ಗೊತ್ತಿತ್ತಂತೆ. ಆ ಹಲ್ಲಿಲ್ಲದೆ ಇನ್ನು ಟ್ರಂಪೆಟ್ ಇಲ್ಲ. ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ರಕ್ತ ನೋಡಿಯೂ ಕೇಳಲಿಲ್ಲ. ಥೂ, ನನ್ನ ಜನ್ಮಕ್ಕೆ!

೪ ಏಪ್ರಿಲ್

ಒಂದೂವರೆ ತಿಂಗಳಿಂದ ಶೆಡ್ಡಿಗೆ ಬೀಗ. ಇವತ್ತು ಚಾಚಾನೇ ಫೋನ್ ಮಾಡಿದರು.

"ರಮಜಾನ್ ಮುಗೀತಲ್ಲ, ರವಿವಾರ ನಮ್ಮ ಮನಿಯಾಕಿ ಶರೀಫಾಬೀನ ಕರಕೊಂಡ್ ಬರ್ತೇನಿ. ಮೆರವಣಿಗ್ಯಾಗ ಆಕಿ ಎಲ್ಲಿ ಬರ್ತಿದ್ಲು? ಮನ್ಯಾಗ ಬರೇ ಪೀಪೀ ಕೇಳ್ಯಾಳ, ಪೂರಾ ಹಾಡ ಎಂದೂ ಕೇಳಿಲ್ಲ. ಆ ಮೊದಲನೇದು ಹಚ್ಚು ತಮ್ಮಾ. ಒಡದದ್ದು."

ಹೂಂ ಅಂದೆ. ಎರಡೂ ಟೇಪಿನಲ್ಲಿವೆ ಎಂದುಕೊಂಡಿದ್ದಾರೆ. ಹಿಂದಿನದನ್ನು ಅಳಿಸಿದೆ ಅನ್ನಲು ಬಾಯಿ ಬರಲಿಲ್ಲ.

೬ ಏಪ್ರಿಲ್, ಮಧ್ಯಾಹ್ನ

ಬೆಳಿಗ್ಗೆ ಬೇಗ ಹೋಗಿ ಟೇಪ್ ಕೇಳಿದೆ. ಎರಡನೆಯ ಟೇಕ್ ನಿಂತ ಜಾಗದಿಂದ ಮುಂದೆ ಮೊದಲನೆಯದರ ತುದಿ ಅಳಿಯದೆ ಉಳಿದಿದೆ. ಹನ್ನೊಂದು ಸೆಕೆಂಡು.

ಬಂದರು. ಶರೀಫಾಬಿ ಕೈಯಲ್ಲಿ ಹಬ್ಬದ ಪಾಯಸ, ಶೀರ್‌ಖುರ್ಮಾದ ಡಬ್ಬಿ. ಚಾಚಾಗೆ ಹೊಸ ಹಲ್ಲಿನ ಸೆಟ್, ಊದುವ ಒತ್ತಡ ತಡೆಯದಂಥದ್ದು; ನಗು ಬೇರೆ ಯಾರದೋ. ಆ ತುದಿಯಿಂದಲೇ ಹಚ್ಚಿದೆ. ಟ್ರಂಪೆಟ್ ಏರಿತು, ಇಳಿಯಿತು, ನಿಂತಿತು. ಆಮೇಲೆ ಟೇಪಿನೊಳಗಿಂದ ಚಾಚಾನ ದನಿ: "ಇದ ಇರ್ಲಿ ಬಿಡು ತಮ್ಮಾ."

ಶರೀಫಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. "ಇಷ್ಟ ಛಂದ ಊದತಿದ್ರೇನ್ರಿ?" ಅಂದರು ಗಂಡನಿಗೆ. ನನ್ನ ಕಡೆ ತಿರುಗಿದರು. "ಮೊದಲಿಂದ ಹಚ್ಚು ಬೇಟಾ. ಪೂರಾ ಕೇಳ್ತೇನಿ."

ಚಾಚಾ ಆಗಲೇ ಕಣ್ಣು ಮುಚ್ಚಿ ಕೂತಿದ್ದರು, ಕೇಳಲು. ನಾನು, "ಚಾಚಾ, ಅದು..." ಅಂದೆ. ಅವರು ಕಣ್ಣು ತೆರೆದು ಮಶೀನನ್ನೂ ನನ್ನನ್ನೂ ನೋಡಿ, "ಅಷ್ಟ ಉಳದೈತೇನು? ಅದನ್ನ ಇನ್ನೊಮ್ಮೆ ಹಚ್ಚು ತಮ್ಮಾ," ಅಂದರು.