ಅಜ್ಜಿ, ಗಾಳಿಯ ಹರಕೆ ಬದಲಾಯಿಸು

ಅಜ್ಜಿ,

ನಾನು ಮದ್ದೂರಿಗೆ ಕೆಲಸಕ್ಕೆ ಹೊರಟೆ. ಮುದ್ದೆ ಮುಚ್ಚಿಟ್ಟಿದ್ದೀನಿ, ಆರೋಕೆ ಮುಂಚೆ ಉಣ್ಣು. ಮಾತ್ರೆ ಮರೀಬೇಡ.

ದೋಣಿಯ ಸ್ಯಾಟಲೈಟ್ ಫೋನಿಂದ ರಘು ಅಣ್ಣನ ಮೆಸೇಜು ಬಂತು. ಲಕ್ಷದ್ವೀಪಕ್ಕೆ ಹೊರಟ ಅವನ ಹಾಯಿದೋಣಿ ನಡುಗಡಲಲ್ಲಿ ನಿಂತುಬಿಟ್ಟಿದೆಯಂತೆ. ಇಂಜಿನ್ ಕೆಟ್ಟಿದೆ, ಗಾಳಿ ಒಂಚೂರೂ ಇಲ್ಲ, ಕುಡಿಯೋ ನೀರು ಮುಗೀತಾ ಬಂದಿದೆ. ಈ ಕಬ್ಬಿನ ಗದ್ದೆ ಮಧ್ಯೆ ಕೂತು ನಾನೇನು ಮಾಡಲಿ?

ನೀನು ನೋಡಿದ್ರೆ ಮುತ್ತತ್ತಿರಾಯನಿಗೆ "ಗಾಳಿ ಕಟ್ಟಾಕಪ್ಪ" ಅಂತ ಹರಕೆ ಹೊತ್ತಿದ್ದೀಯ! ಅದು ನಮ್ಮ ಹೊಳೆ ತೆಪ್ಪ ಅಲ್ಲ ಕಣಜ್ಜಿ, ಗಾಳಿ ಇದ್ರೇನೇ ಓಡೋದು. ಮುತ್ತತ್ತಿರಾಯ ಅಂದ್ರೆ ಆಂಜನೇಯನೇ, ಗಾಳಿದೇವರ ಮಗ ಅಂತ ಕತೆ ಹೇಳಿದವಳು ನೀನೇ ತಾನೆ? ನೀನು ಹೇಳಿದ್ರೆ ಕೇಳ್ತಾನೆ. ಗಾಳಿ ಬುಡು ಅನ್ನು. ಜಾಸ್ತಿ ಕೇಳಬೇಡ, ಬಿರುಗಾಳಿ ಕೊಟ್ಟುಬಿಟ್ಟಾನು. ಸೀರೆ ಒಣಗೋವಷ್ಟು ಸಾಕು.

ವೀಣ