ನೀನು ಬರೆದ ದೆವ್ವ ನನ್ನ ಮಗಳಲ್ಲ

ಆರ್‌ಪಿಸಿ ಲೇಔಟ್, ವಿಜಯನಗರ
ಬೆಂಗಳೂರು
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಮೂಲ್ಯಾಗೆ,

ಕಲಾ ಆಂಟಿಯ ಆಶೀರ್ವಾದಗಳು. ನಾನೂ ನಿಮ್ಮ ಮಹದೇವ್ ಅಂಕಲ್ಲೂ ಆರೋಗ್ಯವಾಗಿದ್ದೇವೆ. ನೀನೂ ಪುಣೆಯ ಹಾಸ್ಟೆಲಿನಲ್ಲಿ ಚೆನ್ನಾಗಿದ್ದೀಯ ಎಂದು ನಿನ್ನ ಅಮ್ಮ ಹೇಳಿದರು. ಅವರು ನೀನು ಬರೆದ ಇಂಗ್ಲಿಷ್ ಕಾದಂಬರಿಯನ್ನು ನನ್ನ ಕೈಗೆ ಕೊಟ್ಟು ಎರಡು ತಿಂಗಳ ಮೇಲಾಯಿತು. ತಲುಪಿತು ಎಂದು ಒಂದು ಮಾತನ್ನೂ ನಾನು ತಿಳಿಸಲಿಲ್ಲ. ಕ್ಷಮಿಸು. ವರಮಹಾಲಕ್ಷ್ಮಿ ಹಬ್ಬ, ಗೌರಿ ಹಬ್ಬ, ಹೊಲಿಯಬೇಕಾದ ಬ್ಲೌಸುಗಳ ರಾಶಿ ಬಿದ್ದಿತ್ತು ಎಂದು ಹೇಳಬಹುದು. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ ಕೋಪ ಇಳಿಯಲಿ ಎಂದು ಕಾಯುತ್ತಿದ್ದೆ. ಇಳಿಯಲಿಲ್ಲ. ಕೋಪದಲ್ಲೇ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ ನಿನ್ನ ಕೈಬರಹದಲ್ಲಿ ಕನ್ನಡದಲ್ಲಿ ಹೀಗಿದೆ: "ಕಲಾ ಆಂಟಿಗೆ. ಓದಿದ ಮೇಲೆ ಬೈಯಬೇಕು ಅನ್ನಿಸಿದರೆ ಬೈಯಿರಿ." ನೀನೇ ಕೇಳಿದ್ದೀಯ. ಬೈಯುತ್ತೇನೆ.

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ಇಂಗ್ಲಿಷಿನಲ್ಲಿ ಬಸ್ಸಿನ ಬೋರ್ಡು, ದಾರದ ಡಬ್ಬಿಯ ಮೇಲಿನ ಬಣ್ಣದ ಹೆಸರು ಓದುತ್ತೇನೆ, ಅಷ್ಟೆ. ನಿನ್ನ ಪುಸ್ತಕ ಓದಿ ಹೇಳಿದವಳು ನಮ್ಮ ಮಹಡಿ ಮನೆಗೆ ಹೋದ ವರ್ಷ ಬಾಡಿಗೆಗೆ ಬಂದವರ ಮಗಳು ರಮ್ಯ. ಬಿಕಾಂ ಓದುತ್ತಾಳೆ. ಮಧ್ಯಾಹ್ನ ಕಾಲೇಜಿನಿಂದ ಬಂದು ಕಟಿಂಗ್ ಟೇಬಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತು ಒಂದೊಂದು ಅಧ್ಯಾಯ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ನಾನು ಬ್ಲೌಸಿನ ಗುಂಡಿಗಳಿಗೆ ಕಾಜಾ ಹಾಕುತ್ತಾ ಕೇಳುತ್ತಿದ್ದೆ. ಯಾರ ಕಥೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.

"ಸಖತ್ತಾಗಿದೆ ಆಂಟಿ," ಎಂದಳು ಮೊದಲ ದಿನ. "ಎಂಟು ಹುಡ್ಗೀರು, ಚಿಯರ್ ಟೀಮು. ಮೇಲೆ ಯಾರು ನಿಂತ್ಕೋಬೇಕು ಅಂತ ಇಬ್ರಿಗೆ ಜಗಳ. ಈ ಮಾನ್ಯ ಅನ್ನೋಳಿದಾಳಲ್ಲ, ಏನ್ ಕೆಟ್ಟೋಳು ಗೊತ್ತಾ? ಫ್ರೆಂಡ್ ಜಾಗಾನೇ ಕಿತ್ಕೊಂಡ್ಳು."

"ಆಮೇಲೆ?"

"ಆಮೇಲೆ ಬಿದ್ದು ಸತ್ತೋದ್ಲು. ಸರಿಯಾಗಾಯ್ತು ಬಿಡಿ."

ನಾನು ದಾರ ಕಚ್ಚಿ ತುಂಡು ಮಾಡಿದೆ.

ನಾಲ್ಕನೆಯ ದಿನ ದೆವ್ವ ಬಂತು. ಶಾಲೆಯ ಬಾತ್‌ರೂಮಿನ ಕನ್ನಡಿಯಲ್ಲಿ, ಕೂದಲು ಬಿಚ್ಚಿಕೊಂಡು, ನೀಲಿ ಡ್ರೆಸ್ಸಿನ ಎದೆಯ ಮೇಲೆ ಹೊಲಿದ ಹಳದಿ ಮಿಂಚು. ರಮ್ಯ ಅಷ್ಟು ಓದಿದವಳು ತಲೆಯೆತ್ತಿ ಗೋಡೆ ನೋಡಿದಳು. ಅಲ್ಲಿ ಅದೇ ಡ್ರೆಸ್ಸಿನಲ್ಲಿರುವ ನನ್ನ ಮಾನಸಳ ಫೋಟೋ ಇದೆ. ಹಾರ ಹಾಕಿದೆ, ಆದರೂ ಮಿಂಚಿನ ತುದಿ ಕಾಣುತ್ತದೆ.

"ಆಂಟಿ," ಎಂದಳು, ಪುಟದ ಮೇಲೆ ಬೆರಳಿಟ್ಟು. "ಸಾಕು ಮಾಡ್ಲಾ?"

"ಓದು," ಎಂದೆ. "ಕಾಜಾ ಮುಗಿಯೋ ತನಕ ಓದು."

ಪಾಪ, ಆ ಹುಡುಗಿ ಅಳುತ್ತಾ ಓದಿ ಮುಗಿಸಿದಳು. ಅದಕ್ಕೂ ನಿನ್ನ ಮೇಲೆ ಕೋಪವಿದೆ.

ಮಾನಸ ಹೋಗಿ ಬರುವ ನವೆಂಬರಿಗೆ ಆರು ವರ್ಷ. ನಿನಗೆ ಗೊತ್ತಿರುವುದನ್ನೇ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ನಿನ್ನ ಪುಸ್ತಕದಲ್ಲಿ ಅದು ಬೇರೆಯಾಗಿದೆ. ನಿಮ್ಮ ಹತ್ತನೇ ಕ್ಲಾಸಿನ ವರ್ಷ, ಶಾಲೆಯ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಆಟಗಾರರನ್ನು ಹುರಿದುಂಬಿಸಿ ಕುಣಿಯಲು ಪಿಟಿ ವರಲಕ್ಷ್ಮಿ ಮಿಸ್ ನಿಮ್ಮ ಎಂಟು ಜನರನ್ನು ಆರಿಸಿದರು. ಕೊನೆಯಲ್ಲಿ ಒಬ್ಬಳು ಇಬ್ಬರ ಭುಜದ ಮೇಲೆ ನಿಂತು ಕೈ ಎತ್ತಬೇಕು. ನೀನು ಮೇಲೆ ನಿಲ್ಲಬೇಕೆಂದು ಆಸೆಪಟ್ಟಿದ್ದೆ. ಮಾನಸ ಹಗುರ, ಅವಳೇ ನಿಲ್ಲಲಿ ಎಂದರು ಮಿಸ್. ಅವಳ ಎಡಗಾಲು ನಿನ್ನ ಬಲಭುಜದ ಮೇಲೆ.

ಜಗಳ ನಿಜ. ನನ್ನ ಡೈರಿಯಲ್ಲಿದೆ. ಮದುವೆಯಾದಾಗಿನಿಂದ ದಿನಕ್ಕೆ ಎರಡು ಮೂರು ಸಾಲು ಬರೆಯುವ ಅಭ್ಯಾಸ ನನಗೆ. ಹನ್ನೊಂದು ದಿನ ನೀವಿಬ್ಬರೂ ಮಾತು ಬಿಟ್ಟಿದ್ದಿರಿ. ಏಳನೆಯ ದಿನ ಹೀಗೆ ಬರೆದಿದ್ದೇನೆ: "ಅಮೂಲ್ಯಾ ಬಂದಳು. ಇಬ್ಬರೂ ಮಾತಾಡಲಿಲ್ಲ. ಒಂದೇ ತಟ್ಟೆಯಲ್ಲಿ ಅವಲಕ್ಕಿ ತಿಂದರು." ಇದು ಯಾವ ಸೀಮೆ ದ್ವೇಷ ಹೇಳು? ಹನ್ನೊಂದನೆಯ ದಿನ ಮಾನಸ ನಿನ್ನ ಮನೆಗೆ ಬಂದು ಏನು ಹೇಳಿದಳು, ನೆನಪಿದೆಯೇ? "ಮಿಸ್ ಹತ್ರ ಕೇಳ್ದೆ ಕಣೇ, ಅಮೂಲ್ಯಾ ನಿಲ್ಲಲಿ ಅಂತ. ಒಪ್ಪಲಿಲ್ಲ. ನಾನೇನ್ ಮಾಡ್ಲಿ?" ಅದಕ್ಕೆ ನೀನು, "ಹೋಗ್ಲಿ ಬಾರೇ, ನನ್ ಭುಜ ಮುರೀಬೇಡ ಅಷ್ಟೆ, ಆನೆ ಕಾಲು ನಿಂದು" ಎಂದೆಯಂತೆ. ಮಾನಸ ಬಂದು ನನಗೆ ಹೇಳಿ ನಗುತ್ತಾ ಪಾದ ಎತ್ತಿ ತೋರಿಸಿದ್ದಳು, "ಅಮ್ಮಾ, ಇದು ಆನೆ ಕಾಲಾ?" ಇದೊಂದೂ ನಿನ್ನ ಪುಸ್ತಕದಲ್ಲಿ ಇಲ್ಲ. ಜಾಗ ಕಿತ್ತುಕೊಂಡವಳು ಇದ್ದಾಳೆ. ಕೇಳಿ ಬಿಟ್ಟುಕೊಡಲು ಹೋದವಳು ಇಲ್ಲ.

ಇನ್ನು ದೆವ್ವದ ವಿಷಯ. ನನ್ನ ಮಗಳನ್ನು ದೆವ್ವ ಮಾಡಲು ನಿನಗೆ ಮನಸ್ಸಾದರೂ ಹೇಗೆ ಬಂತು? ನಿಮ್ಮ ಮನೆಯಲ್ಲಿ ನೀನು ಮೊಬೈಲಿನಲ್ಲಿ ದೆವ್ವದ ಸಿನಿಮಾ ಹಾಕಿದರೆ ಅವಳು ನಿನ್ನ ಅಮ್ಮನ ಹಿಂದೆ ಹೋಗಿ ಕೂರುತ್ತಿದ್ದಳು. ಅದನ್ನು ನೋಡಿ ಬಂದ ದಿನವೆಲ್ಲ ನನ್ನ ಸೆರಗು ಹಿಡಿದುಕೊಂಡು ಬಚ್ಚಲಿಗೆ ಹೋಗಬೇಕು. ನಾನು ಹೊರಗೆ ನಿಂತು "ಇದೀನಿ, ಇದೀನಿ" ಎನ್ನುತ್ತಲೇ ಇರಬೇಕು. ಅಂಥವಳನ್ನು ಕತ್ತಲೆ ಬಾತ್‌ರೂಮಿನಲ್ಲಿ ಒಬ್ಬಳನ್ನೇ ಆರು ವರ್ಷ ನಿಲ್ಲಿಸಿದ್ದೀಯ. ಹುಡುಗಿಯರ ಕತ್ತಿಗೆ ರಿಬ್ಬನ್ ಬಿಗಿಯುವ ಕೆಲಸ ಕೊಟ್ಟಿದ್ದೀಯ. ಜೂಲುಜೂಲಾದ ಬೀದಿನಾಯಿಗೆ ತನ್ನ ಬಿಸ್ಕತ್ತು ಹಾಕಿ ಖಾಲಿ ಡಬ್ಬಿ ತರುತ್ತಿದ್ದವಳಿಗೆ.

ವರಲಕ್ಷ್ಮಿ ಮಿಸ್ಸನ್ನು ಏನು ಮಾಡಿದ್ದೀಯ? ವಿಷಲ್ ಊದುತ್ತಾ ಮಕ್ಕಳನ್ನು ಹೆದರಿಸುವ ರಾಕ್ಷಸಿ. ನಿಜವಾದ ರಾಕ್ಷಸರ ಬಗ್ಗೆ ಒಂದು ಸಾಲಿಲ್ಲ. ನೆಲಕ್ಕೆ ಮ್ಯಾಟ್ ಹಾಕಿಸಿ ಎಂದು ಮಿಸ್ ಎರಡು ಸಲ ಕೇಳಿದ್ದರು. ಅಂಗಳಕ್ಕೆ ಹೊಸ ಬಣ್ಣ ಹೊಡೆಸಿದ್ದೇವೆ, ಫೋಟೋದಲ್ಲಿ ಚೆನ್ನಾಗಿ ಕಾಣಲಿ, ಮ್ಯಾಟ್ ಬೇಡ ಎಂದವರು ಹೆಡ್‌ಮಾಸ್ಟರ್. ಮಗು ಸಿಮೆಂಟಿನ ಮೇಲೆ ಬಿದ್ದ ಮೇಲೆ ಅದೇ ಮನುಷ್ಯ ಎಲ್ಲರ ಮುಂದೆ, "ಏನ್ಮಾಡೋದಮ್ಮ, ಹುಡುಗಿಯರ ಮಧ್ಯೆ ಪೈಪೋಟಿ ಇತ್ತಂತೆ" ಎಂದ. ಹದಿನೈದು ವರ್ಷದ ಮಕ್ಕಳ ತಲೆಗೆ ಕಟ್ಟಿ ಮಿಸ್ಸನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಂಡ. ಈಗ ನೀನು ಆರು ವರ್ಷ ಕಳೆದು ಅವನ ಮಾತನ್ನೇ ಇನ್ನೂರು ಪುಟ ಮಾಡಿ ಅಚ್ಚು ಹಾಕಿಸಿದ್ದೀಯ. ಅವನು ಓದಿದರೆ ಮೈಮರೆತು ಚಪ್ಪಾಳೆ ತಟ್ಟುತ್ತಾನೆ.

ಮಾನ್ಯಳ ತಾಯಿಯೂ ಪುಸ್ತಕದಲ್ಲಿದ್ದಾಳೆ. ಎರಡು ಪುಟ ಮೂಲೆಯಲ್ಲಿ ಕೂತು ಅಳುತ್ತಾಳೆ, ಆಮೇಲೆ ಕಾಣೆ. ಅವಳಿಗೆ ಹೆಸರಿಲ್ಲ, ಕೆಲಸವಿಲ್ಲ. "ಈ ಅಮ್ಮನ ಕ್ಯಾರೆಕ್ಟರ್ ವೇಸ್ಟು ಆಂಟಿ," ಎಂದಳು ರಮ್ಯ, ವಿಷಯ ಗೊತ್ತಾಗುವ ಮೊದಲು. ನನಗೂ ಹಾಗೇ ಅನ್ನಿಸಿತು.

ಇಷ್ಟು ಬೈದು ಪತ್ರ ಮುಗಿಸಬಹುದಿತ್ತು. ಆದರೆ ನನಗೆ ತಡೆಯಲಾಗದ ಸಿಟ್ಟು ಬಂದದ್ದು ಹದಿನಾಲ್ಕನೆಯ ಅಧ್ಯಾಯಕ್ಕೆ. ಕೆಳಗೆ ನಿಂತ ಹುಡುಗಿ, ನೀನೇ ಅವಳು ಎಂದು ಯಾರಿಗಾದರೂ ಗೊತ್ತಾಗುತ್ತದೆ, ತಾನು ಬೇಕೆಂದೇ ಭುಜ ಅಲುಗಿಸಿದೆ ಎಂದು ದೆವ್ವದ ಮುಂದೆ ಮಂಡಿಯೂರಿ ಒಪ್ಪಿಕೊಳ್ಳುತ್ತಾಳಲ್ಲ, ಅದು.

ರಮ್ಯ ಅದನ್ನು ಓದಿದ ಸಂಜೆ ನಾನು ಮೊದಲ ಸಲ ಯೋಚಿಸಿದೆ, ಇದು ಕಥೆಯೋ, ನಿಜವೋ ಎಂದು. ಕಳೆದ ವಾರ ನಿನ್ನ ಅಮ್ಮ ಫಾಲ್ ಹಾಕಿಸಲು ಸೀರೆ ತಂದರು. "ಇನ್ನೊಂದು ಸಲ ಪ್ರಿಂಟ್ ಆಗ್ತಿದೆಯಂತೆ ಕಲಾ," ಎಂದರು. ಸಂತೋಷದಲ್ಲೇ ಹೇಳಿದರು, ಆದರೆ ಕೂತರು, ಎದ್ದರು, ಮತ್ತೆ ಕೂತರು. ಆಮೇಲೆ ಹೇಳಿದರು. "ಆವತ್ತಿಂದ ಅವಳು ಬಲಗಡೆ ಭುಜಕ್ಕೆ ಬ್ಯಾಗೇ ಹಾಕಿಲ್ಲ. ನೋವಾ ಅಂದ್ರೆ ಇಲ್ಲ ಅಂತಾಳೆ. ನಾನು ಮುಟ್ಟಿದ್ರೂ ಕೊಡವಿ ಹೋಗ್ತಾಳೆ. ನಿಮ್ ಹತ್ರ ಏನಾದ್ರೂ ಹೇಳಿದಾಳಾ?"

ಇಲ್ಲ ಎಂದೆ. ಅವರು ಹೋದ ಮೇಲೆ ಆ ದಿನ ಮತ್ತೆ ಮಷಿನ್ನಿಗೆ ದಾರ ಪೋಣಿಸಲಿಲ್ಲ.

ಅಮೂಲ್ಯಾ, ನೀನು ಭುಜ ಅಲುಗಿಸಲಿಲ್ಲ. ಆಸೆ ಇತ್ತು, ಹೊಟ್ಟೆಕಿಚ್ಚು ಇತ್ತು, ಆ ಕ್ಷಣದಲ್ಲಿ ಇವಳು ಬೀಳಲಿ ಎಂದು ಮನಸ್ಸಿಗೆ ಬಂದೂ ಇರಬಹುದು. ಮನಸ್ಸಿಗೆ ಬಂದದ್ದು ಭುಜಕ್ಕೆ ಇಳಿಯಲಿಲ್ಲ. ಇದು ನಿನಗೆ ಸಮಾಧಾನ ಹೇಳಲು ಬರೆಯುತ್ತಿರುವ ಮಾತಲ್ಲ. ನನಗೆ ಗೊತ್ತು. ಹೇಗೆ ಗೊತ್ತು ಎಂದು ಈ ಪತ್ರದಲ್ಲಿ ಬರೆಯುವ ಧೈರ್ಯ ಇನ್ನೂ ಬಂದಿಲ್ಲ. ಸುಳ್ಳನ್ನು ನೀನು ಯಾಕೆ ನಿನ್ನ ಮೇಲೆ ಎಳೆದುಕೊಂಡೆ? ಯಾರು ನಿನಗೆ ಆ ಹಕ್ಕು ಕೊಟ್ಟರು? ಮಾನಸ ನಿನ್ನನ್ನು ನಂಬಿ ನಿನ್ನ ಮೇಲೆ ನಿಂತಿದ್ದಳು. ಅವಳ ನಂಬಿಕೆ ತಪ್ಪು ಎಂದು ಬರೆದು ಅವಳಿಗೆ ಎರಡನೆಯ ಸಲ ಅನ್ಯಾಯ ಮಾಡಿದ್ದೀಯ. ಮುಂದಿನ ಪ್ರಿಂಟಿನಲ್ಲಿ ಅದು ಇರಕೂಡದು.

ಇಲ್ಲಿಯ ಸಮಾಚಾರ ಹೆಚ್ಚೇನಿಲ್ಲ. ಅಂಕಲ್ಲಿಗೆ ಕಣ್ಣಿನ ಆಪರೇಷನ್ ಆಯಿತು, ಈಗ ಪೇಪರನ್ನು ಮೂಲೆಯಿಂದ ಮೂಲೆಗೆ ಓದಿ ನನಗೂ ಓದಿ ಹೇಳುತ್ತಾರೆ. ನಿನ್ನ ಪುಸ್ತಕದ ವಿಷಯ ಅವರಿಗೆ ಹೇಳಿಲ್ಲ. ಬೀದಿಯ ಕೊನೆಯಲ್ಲಿದ್ದ ಮಸಾಲಪುರಿ ಗಾಡಿಯವರು ಈಗ ಅಂಗಡಿ ಮಾಡಿದ್ದಾರೆ. "ಇಬ್ರು ಹುಡ್ಗೀರು ಬರೋರಲ್ಲಕ್ಕ, ಜಾಸ್ತಿ ಖಾರ ಕೇಳೋರು" ಎಂದು ಮೊನ್ನೆಯೂ ಕೇಳಿದರು. ಒಬ್ಬಳು ಪುಣೆಯಲ್ಲಿದ್ದಾಳೆ ಎಂದೆ.

ದೀಪಾವಳಿಗೆ ಬಂದಾಗ ಮನೆಗೆ ಬಾ. ಬೈದಿದ್ದೇನೆ ಎಂದು ದೂರ ಉಳಿಯಬೇಡ. ನೀನು ಬರೆಯುವುದನ್ನು ನಿಲ್ಲಿಸು ಎಂದು ನಾನು ಹೇಳುತ್ತಿಲ್ಲ. ನಿನ್ನ ಕೈಗೆ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ಬಾಳು.

ನಿನ್ನ,
ಕಲಾ ಆಂಟಿ

ತಾ.ಕ.: ಮೇಲಿನದನ್ನು ಬೆಳಿಗ್ಗೆ ಬರೆದು ಕವರಿಗೆ ಹಾಕಿದೆ. ಅಂಟಿಸಲು ಆಗಲಿಲ್ಲ. ಊಟವಾದ ಮೇಲೆ ಬೀರು ತೆಗೆದೆ.

ನಿನ್ನ ಆ ದಿನದ ಡ್ರೆಸ್ಸು ನನ್ನ ಬಳಿ ಇದೆ. ಆಸ್ಪತ್ರೆಯಲ್ಲಿ ನೀನು ಬದಲಾಯಿಸಿ ಬಿಟ್ಟದ್ದು, ಮಾನಸಳ ಬ್ಯಾಗಿನ ಜೊತೆ ಬಂದುಬಿಟ್ಟಿತ್ತು. ಬಲಭುಜದ ಮೇಲೆ ಕತ್ತಿನ ಕಡೆಯಿಂದ ತೋಳಿನವರೆಗೆ ಅವಳ ಶೂ ಜಾರಿದ ಗುರುತಿದೆ. ಚಾಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರವಾಗಿದೆ. ಭುಜ ಅಲುಗಿದ್ದರೆ ಗೆರೆ ಹಾಗೆ ಬರುವುದಿಲ್ಲ. ಬಟ್ಟೆ ನೋಡಿಯೇ ಇಪ್ಪತ್ತೈದು ವರ್ಷ ಕಳೆದವಳು ನಾನು.

ಎರಡು ತಿಂಗಳು ನೀವು ಕಾಟನ್ ಟಿ-ಶರ್ಟಿನಲ್ಲಿ ಅಭ್ಯಾಸ ಮಾಡಿದಿರಿ. ಒಂದು ಸಲವೂ ಅವಳ ಕಾಲು ಜಾರಲಿಲ್ಲ. ನಾನು ಹೊಲಿದ ಸ್ಯಾಟಿನ್ ಡ್ರೆಸ್ಸು ಹಾಕಿಕೊಂಡದ್ದು ಆ ದಿನವೇ ಮೊದಲು. ಸ್ಯಾಟಿನ್ನಿಗೆ ಒಂದು ಕಡೆ ಜಾರುವ ಹೊಳಪು, ಇನ್ನೊಂದು ಕಡೆ ಒರಟು. ಭುಜದ ಪಟ್ಟಿಗೆ ಮಾತ್ರ ಒರಟು ಕಡೆ ಮೇಲೆ ಬರುವಂತೆ ಹೊಲಿಯಲು ಹೇಳಿ ಎಂದು ವರಲಕ್ಷ್ಮಿ ಮಿಸ್ ಮಾನಸಳ ಕೈಲಿ ಹೇಳಿ ಕಳಿಸಿದ್ದರು. ಅವಳು ಬಂದು ಹೇಳಿದಳು. ನಾನು ನಕ್ಕೆ. "ಹೋಗೇ, ಬಟ್ಟೆ ಉಲ್ಟಾ ಹೊಲಿದಿದಾಳೆ ನಿಮ್ಮಮ್ಮ ಅಂತ ಇಡೀ ಸ್ಕೂಲು ಆಡ್ಕೊಳುತ್ತೆ," ಎಂದೆ. ಅವಳು "ಸರಿ ಬಿಡಮ್ಮ" ಎಂದಳು. ನಾನು ಒಪ್ಪಲಿಲ್ಲ ಎಂದು ಮಿಸ್ಸಿಗೆ ಹೇಳಲಿಲ್ಲವೆಂದು ಕಾಣುತ್ತದೆ. ನನ್ನ ಮಾನ ಉಳಿಸಿದಳು.

ಹದಿಮೂರನೆಯ ದಿನ ಮಿಸ್ ಮನೆಗೆ ಬಂದರು. ಮಷಿನ್ನಿನ ಕಡೆ ಒಮ್ಮೆ ನೋಡಿ, "ನಂದೇ ತಪ್ಪು ಅಕ್ಕ, ಮೈದಾನಕ್ಕೆ ಇಳಿಸೋ ಮುಂಚೆ ನಾನು ನೋಡ್ಬೇಕಿತ್ತು" ಎಂದರು. ಅವರಿಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಅವರ ಕೆಲಸ ಹೋದಾಗಲೂ ಬಿಡಲಿಲ್ಲ. ಅವರ ಈಗಿನ ವಿಳಾಸ ನಿನ್ನ ಅಮ್ಮನ ಬಳಿ ಇದೆಯಂತೆ. ನಾಳೆ ಅವರಿಗೂ ಬರೆಯುತ್ತೇನೆ.

2019ರ ನವೆಂಬರ್ 29, ಶುಕ್ರವಾರ, ಪಂದ್ಯದ ಹಿಂದಿನ ದಿನ ನನ್ನ ಡೈರಿಯಲ್ಲಿ ಇರುವುದನ್ನು ಹಾಗೇ ನಕಲು ಮಾಡಿದ್ದೇನೆ: "ಎಂಟು ಡ್ರೆಸ್ ಮುಗಿದವು. ಭುಜಕ್ಕೆ ಉಲ್ಟಾ ಹಾಕು ಅಂದಳು. ಹಾಕಲಿಲ್ಲ. ಚೆನ್ನಾಗಿ ಬಂದಿವೆ."

ಮುಂದಿನ ಪ್ರಿಂಟಿನಲ್ಲಿ ಆ ತಾಯಿಗೆ ಒಂದು ಹೊಲಿಗೆ ಮಷಿನ್ ಕೊಡು. ಡೈರಿಯ ಈ ನಾಲ್ಕು ಸಾಲನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೋ ನನಗೆ ಗೊತ್ತಿಲ್ಲ, ನೀನೇ ಬರೆ. ಬೇರೆಯವರ ಹೆಸರು ಏನು ಬೇಕಾದರೂ ಇಡು. ನನ್ನ ಹೆಸರು ಮಾತ್ರ ಬದಲಾಯಿಸಬೇಡ.