ಏಳನೇ ಗ್ರೀನ್‌ನ ಬಿಳಿ ಎಳೆಗಳು

ನವೆಂಬರ್ ೧೨, ಬುಧವಾರ

ಬೆಳಿಗ್ಗೆ ಅಷ್ಟು ಜೋರಾಗಿ ಕೂಗಾಡಬಾರದಿತ್ತು. ಮನಸ್ಸನ್ನು ಇನ್ನೂ ಅದೇ ಕೊರೆಯುತ್ತಿದೆ.

ಗಾಲ್ಫ್ ಮೈದಾನದ ಏಳನೇ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು, ಆ ಏಳನೇ ಗ್ರೀನ್ ಅಂಚಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಸುಮ್ಮನೆ ನಿಂತಿತ್ತು. ಅದನ್ನು ಓಡಿಸುವ ಅಕ್ಕ ಶೂ ಬಿಚ್ಚಿಟ್ಟು ಬರಿಗಾಲಲ್ಲಿ ನಿಂತಿದ್ದರು. ಭಾನುವಾರ ಪಂದ್ಯ, ಮೈದಾನದ ಹೊಣೆ ನನ್ನದು, ಇವರು ನೋಡಿದರೆ ಹೀಗೆ. ನನಗೆ ಮೈಯೆಲ್ಲ ಉರಿಯಿತು. ಬೈಯುತ್ತಲೇ ಗ್ರೀನ್ ಮೇಲೆ ಕಾಲಿಡಲು ಹೋದೆ.

"ಶೂ ಬಿಚ್ಚಿ ಸಾರ್," ಅಂದರು. "ರೋಗ ಬಂದಿದೆ. ಬರಿಗಾಲಾದ್ರೆ ತೊಳ್ಕೋಬಹುದು, ಶೂ ಸಂದೀಲಿ ಮಣ್ಣು ಕೂತ್ಕೊಳುತ್ತೆ."

ಬಗ್ಗಿ ನೋಡಿದೆ. ಚಳಿಗಾಲಕ್ಕೆಂದು ಹಳೇ ಹುಲ್ಲಿನ ಮೇಲೆ ಬಿತ್ತಿದ್ದ ಎಳೆ ಹುಲ್ಲು ಅಲ್ಲಲ್ಲಿ ಅಂಗೈಯಗಲ ಎಣ್ಣೆ ಮೆತ್ತಿದಂತೆ ಮಲಗಿತ್ತು. ಇಬ್ಬನಿಯ ನಡುವೆ ಹತ್ತಿಯಂಥ ಬಿಳಿ ಎಳೆಗಳು. ಮಣ್ಣಿನಿಂದ ಎದ್ದ ಕೊಳೆರೋಗ. ಬೇಗ ಬೆಳೆಯಲಿ ಎಂದು ನಿನ್ನೆ ಸಂಜೆ ನೀರು ಬಿಡಿಸಿದವನು ನಾನೇ. ರಾತ್ರಿಯೆಲ್ಲ ಬುಡ ಒದ್ದೆಯಾಗಿರುತ್ತದೆ, ಬೇಡ ಎಂದು ಅವರು ಹೇಳಿದ್ದರು.

ಇದರ ಮೇಲೆ ಯಂತ್ರ ಒಂದು ಸುತ್ತು ಹೊಡೆದಿದ್ದರೂ ಅದರ ಬ್ಲೇಡಿನಿಂದ ಮುಂದಿನ ಹನ್ನೊಂದು ಗ್ರೀನ್‌ಗಳಿಗೆ ರೋಗ ಅಂಟುತ್ತಿತ್ತು. ಈಗ ಕೆಟ್ಟಿರುವುದು ಒಂದೇ. ಔಷಧಿ ಹೊಡೆದಾಯಿತು. ನನ್ನ ಮಾನ ಉಳಿಸಿದ್ದು ಅವರ ಕಣ್ಣು.

ಮಧ್ಯಾಹ್ನ ನಲ್ಲಿಯ ಕೆಳಗೆ ಅವರ ಶೂಗಳನ್ನು ನಾನೇ ತೊಳೆದು ಕೊಟ್ಟೆ. "ತಪ್ಪಾಯ್ತು ಅಕ್ಕ," ಅಂದೆ. ಅವರು ಶೂ ಮಗುಚಿ ನೋಡಿದರು.

"ಹಿಮ್ಮಡಿ ಹತ್ರ ಇನ್ನೂ ಮಣ್ಣಿದೆ ಸಾರ್."

ಮತ್ತೆ ನಲ್ಲಿಗೆ ಹೋದೆ. ಖುಷಿಯಾಗಿಯೇ ಹೋದೆ.

ನಿದ್ದೆಗೆ ಕಣ್ಣು ಎಳೆಯುತ್ತಿದೆ. ನಾಳೆಯಿಂದ ಸಂಜೆ ನೀರಿಲ್ಲ. ಬೆಳಿಗ್ಗೆ ಎಷ್ಟು ಬಿಡಬೇಕೆಂದು ಅಕ್ಕನನ್ನು ಕೇಳಿ…